ಕಣದ ಕೊಳಗ, ಕಚೇರಿಯ ಪಹಣಿ

1776ರಲ್ಲಿಯೇ ಅರಸೊತ್ತಿಗೆಯನ್ನು ಕಳಚಿಹಾಕಿದ ಅಮೆರಿಕೆಯಲ್ಲಿ, ಅರ್ಧ ಶತಮಾನಕ್ಕೂ ಮಿಕ್ಕಿದ ಕಾಲ ಸಂದ ಮೇಲೂ, ಹಡ್ಸನ್ ನದೀತೀರದ ವಾನ್ ರೆನ್ಸೆಲರ್ ಮನೆತನದ ಒಕ್ಕಲುಗಳು ವರ್ಷಂಪ್ರತಿ ಗೋಧಿಯನ್ನೂ ಕೊಬ್ಬಿದ ಕೋಳಿಗಳನ್ನೂ ಧಣಿಗೆ ಒಪ್ಪಿಸಿ, ಮೇಲೊಂದು ದಿನ ಬಿಟ್ಟಿ ದುಡಿಯುತ್ತಿದ್ದರೆಂದರೆ ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬದ ಹಳೆಯ ಗೇಣಿದಾರನಿಗೆ ಆಶ್ಚರ್ಯವಾಗಲಾರದು. 1839ರಲ್ಲಿ ಅವರು ಗೇಣಿ ಕೊಡೆವೆಂದು ನಿಂತರು. 1846ರ ನ್ಯೂಯಾರ್ಕ್ ಸಂವಿಧಾನವು ಆ ಬಗೆಯ ಒಡೆತನಕ್ಕೆ ತಡೆ ಹಾಕಿತು.

ಇತ್ತ ಅದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರಾದರೋ 1942ರ ಕ್ವಿಟ್ ಇಂಡಿಯಾ ಚಳವಳಿಯ ಕಾಲದಲ್ಲಿ ತನ್ನ ಸರ್ಕಾರವನ್ನು ತಾನೇ ಕಟ್ಟಿಕೊಂಡಿತು. ಆ ಗ್ರಾಮಸ್ಥರು ಒಬ್ಬ ಹುಡುಗನನ್ನು ಅಮಲ್ದಾರನನ್ನಾಗಿಯೂ ಇನ್ನೊಬ್ಬನನ್ನು ಸಬ್ ಇನ್ಸ್‌ಪೆಕ್ಟರನನ್ನಾಗಿಯೂ ನೇಮಿಸಿದರೆಂಬುದು ನಗುವ ಮಾತಲ್ಲ: ರೈತನ ಪಾಲಿಗೆ ಪ್ರಭುತ್ವವೆಂದರೆ ಕಂದಾಯದ ಕುರ್ಚಿ, ಪೋಲೀಸಿನ ಟೋಪಿ. ನಿಜವಾದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಸೆಪ್ಟೆಂಬರಿನ ಘರ್ಷಣೆಯಲ್ಲಿ ಹತರಾದರು; 1943ರ ಮಾರ್ಚ್‌ನಲ್ಲಿ ಐವರು ಗ್ರಾಮಸ್ಥರು ಗಲ್ಲಿಗೇರಿದರು.

1950ರಲ್ಲಿ ದೇಶವೇ ಗಣರಾಜ್ಯವಾಯಿತು. ಆದರೆ ಸೊರಬದ ನೆರೆಯ ಸಾಗರ ಸೀಮೆಯ ಕಾಗೋಡಿನ ಕಣದಲ್ಲಿ ಗೇಣಿ ಭತ್ತವನ್ನು ಅಳೆಯುವ ಕೊಳಗ ಮಾತ್ರ ಒಡೆಯರದೇ ಆಗಿದ್ದು, ವಾಡಿಕೆಗಿಂತ ಹಿಗ್ಗಿತ್ತು. ಕೊಟ್ಟ ಭತ್ತಕ್ಕೆ ರಶೀದಿಯಿಲ್ಲ. ರಶೀದಿಯಿಲ್ಲದವನಿಗೆ ಉಳುವ ಹಕ್ಕಿನ ಸಾಕ್ಷ್ಯವೂ ಇಲ್ಲ. ದೀವರ ಸಮುದಾಯದ ಒಕ್ಕಲುಗಳು ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ 1951ರ ಏಪ್ರಿಲ್ 18ರಂದು ನಿಷಿದ್ಧವಾದ ಗದ್ದೆಗೆ ನೇಗಿಲು ಹೂಡಿ ಬಂಧಿತರಾದರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೂ ಬಂದು ಸೆರೆಯಾದರು. ಮರುವರ್ಷದ ಚುನಾವಣೆಯಲ್ಲಿ ಸಮಾಜವಾದಿ ಶಾಂತವೇರಿ ಗೋಪಾಲಗೌಡರನ್ನು ಶಾಸನಸಭೆಗೆ ಕಳುಹಿಸಿದುದು ಈ ಸೀಮೆಯೇ. 1967ರಲ್ಲಿ ಸೊರಬದಿಂದ ಗೆದ್ದ ಕುಬಟೂರಿನ ಬಂಗಾರಪ್ಪನವರೂ ಅದೇ ಸಮಾಜವಾದಿ ಗರಡಿಯವರು.

1961ರ ಭೂಸುಧಾರಣಾ ಕಾಯಿದೆ ಬಹುಮಟ್ಟಿಗೆ ಕಾಗದದಲ್ಲುಳಿಯಿತು. ಮುಖ್ಯಮಂತ್ರಿ ದೇವರಾಜ ಅರಸರ ಕಾಲದ ತಿದ್ದುಪಡಿ ಜಾರಿಗೆ ಬಂದ 1974ರ ಮಾರ್ಚ್ 1ರಿಂದ ಗೇಣಿಭೂಮಿ ಸರ್ಕಾರದಲ್ಲಿ ನಿಹಿತವಾಗಿ, ಒಕ್ಕಲು ಏಳನೆಯ ನಮೂನೆ ತುಂಬಿ, ಜನರ ಮಾತಿನಲ್ಲಿ ಹೇಳುವುದಾದರೆ ‘ಡಿಕ್ಲರೇಷನ್ ಹಾಕಿ’, ಭೂನ್ಯಾಯಮಂಡಳಿಯ ಮುಂದೆ ನಿಂತನು. ತನ್ನ ಹೆಸರನ್ನು ಪಹಣಿಯಲ್ಲಿ ಕಂಡವನು ಒಡೆಯನ ಜಗಲಿಯ ಕೆಳಗೆ ನಿಲ್ಲುವುದನ್ನು ಕ್ರಮೇಣ ಬಿಟ್ಟನು. ಅವನ ಗದ್ದೆಯಲ್ಲಿಯೇ ಬೆನ್ನು ಬಾಗಿಸಿ ಸಸಿ ನೆಟ್ಟ ಕೂಲಿಯ ಹೆಂಗಸಿಗೆ, ಗೇಣಿಯೇ ಇಲ್ಲದ ಕಾರಣ, ತುಂಬುವುದಕ್ಕೆ ಯಾವ ನಮೂನೆಯೂ ಇರಲಿಲ್ಲ.