ನಿಗಾ ಇಡುವವರು

ತೀವ್ರ ನಿಗಾ ಘಟಕವೆಂದೊಡನೆ ನಿಮ್ಮ ಕಣ್ಣೆದುರು ನಿಲ್ಲುವುವು ಗಾಜಿನ ಬಾಗಿಲು, ಮಿನುಗುವ ದೀಪಗಳು, ಬೆಲೆಬಾಳುವ ಯಂತ್ರಗಳು. ‘ನಿಗಾ’ ಎಂಬುದು ಪಾರಸಿಯಿಂದ ನಮ್ಮ ನುಡಿಗೆ ಬಂದ ಮಾತು. ನೋಟವೆಂದು ಅದರ ಮೂಲಾರ್ಥ. ನೋಡತಕ್ಕ ಮನುಷ್ಯನೇ ಇಲ್ಲದಿದ್ದರೆ ಯಂತ್ರ ಇದ್ದೂ ಏನು ಫಲ? ಈ ಘಟಕ ಹುಟ್ಟಿದ ಬಗೆಯನ್ನು ಕೇಳಿ.

1952ರಲ್ಲಿ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿಗೆ ಪೋಲಿಯೋ ಬಂದೆರಗಿತು. ಅಲ್ಲಿನ ಬ್ಲೆಗ್ಡಾಮ್ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿದ್ದದ್ದು ಮೈಯನ್ನೇ ಒಳಗಿಟ್ಟು ಉಸಿರಾಡಿಸುವ ಪೆಟ್ಟಿಗೆ ಒಂದು, ಎದೆಗೆ ಕಟ್ಟುವ ಕವಚಗಳು ಆರು. ಉಸಿರಾಟಕ್ಕೆ ನೆರವು ಬೇಕಾದ ಮೊದಲ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು.

ಆಗ ಮುಖ್ಯ ವೈದ್ಯರಾದ ಲಾಸೆನ್ನರು ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ನರನ್ನು ಕರೆಸಿದರು. ಆಗಸ್ಟ್ 27ರಂದು ಇಬ್ಸೆನ್ನರು 12 ವರ್ಷದ ಹುಡುಗಿಯೊಬ್ಬಳ ಕತ್ತಿನಲ್ಲಿ ರಂಧ್ರ ಮಾಡಿಸಿ, ಶ್ವಾಸನಾಳಕ್ಕೆ ಕೊಳವೆ ಇರಿಸಿ, ರಬ್ಬರು ಚೀಲವನ್ನು ಕೈಯಿಂದ ಒತ್ತಿ ಒತ್ತಿ ಗಾಳಿ ತುಂಬಿದರು. ಹುಡುಗಿ ಬದುಕಿದಳು. ಸರಿ, ಉಳಿದವರಿಗೆ ಹಗಲಿರುಳು, ವಾರಗಟ್ಟಲೆ ಚೀಲ ಒತ್ತುವವರಾರು? ಸುಮಾರು 1,500 ಮಂದಿ ವೈದ್ಯಕೀಯ ವಿದ್ಯಾರ್ಥಿಗಳು ಸರದಿಯಂತೆ ಹಾಸಿಗೆಗಳ ಪಕ್ಕ ಕುಳಿತರು. ನನ್ನ ತರಗತಿಯ ಹುಡುಗರಿಗಿಂತ ನಾಲ್ಕಾರು ವರ್ಷ ದೊಡ್ಡವರು, ಅಷ್ಟೆ! ಒಂದೊಂದು ದಿನ ಎಪ್ಪತ್ತು ರೋಗಿಗಳ ಉಸಿರು ಅವರ ಕೈಯಲ್ಲಿತ್ತು. ಮರಣ ಕ್ರಮೇಣ ಗಣನೀಯವಾಗಿ ತಗ್ಗಿತು. ಮರುವರ್ಷ ಇಬ್ಸೆನ್ನರು ಅದೇ ನಗರದ ಇನ್ನೊಂದು ಆಸ್ಪತ್ರೆಯಲ್ಲಿ ಕಠಿಣಾವಸ್ಥೆಯ ರೋಗಿಗಳಿಗೆಂದೇ ಪ್ರತ್ಯೇಕ ಘಟಕ ತೆರೆದರು.

ಈಗ ಚೀಲದ ಕೆಲಸವನ್ನು ವೆಂಟಿಲೇಟರ್ ಮಾಡುತ್ತದೆ. ಆದರೆ ಕೊಳವೆಯ ಕಫ ತೆಗೆಯುವವರು ಯಾರು? ಕೋವಿಡ್ ಕಾಲದಲ್ಲಿ ರೋಗಿಯನ್ನು ಬೋರಲು ಮಲಗಿಸಲು ನಾಲ್ಕೈದು ಜನ ಕೂಡಿ ಹಿಡಿಯಬೇಕಾಗುತ್ತಿತ್ತು. ಆಮ್ಲಜನಕವೇ ಸಾಲದೆ 2021ರಲ್ಲಿ ನಮ್ಮ ದೇಶ ಪಟ್ಟ ಪಾಡನ್ನು ನೀವೂ ಮರೆತಿರಲಾರಿರಿ. ಆದಕಾರಣ ಸಿದ್ಧತೆಯೆಂದರೆ ಆಮ್ಲಜನಕದ ದಾಸ್ತಾನು, ಸೋಂಕಿನ ಗಾಳಿ ಹೊರಗೆ ನುಗ್ಗದಂತೆ ಒಳಗಿನ ಒತ್ತಡವನ್ನು ತಗ್ಗಿಸಿದ ಕೋಣೆ, ಇವುಗಳ ಜೊತೆಗೆ ರೋಗವಿಲ್ಲದ ದಿನಗಳಲ್ಲಿಯೇ ಬೇರೆ ವಾರ್ಡುಗಳ ದಾದಿಯರಿಗೆ ಈ ಕೆಲಸದ ಅಭ್ಯಾಸ. ನಿಮ್ಮೂರ ಆಸ್ಪತ್ರೆಗೆ ಹೊಸ ಯಂತ್ರ ಬಂದಿತೆಂದು ಕೇಳಿದರೆ, ರಾತ್ರಿ ಪಾಳಿಯಲ್ಲಿ ಅದನ್ನು ನಡೆಸಬಲ್ಲವರು ಎಷ್ಟು ಮಂದಿ ಎಂದೂ ವಿಚಾರಿಸಿ.

ರಕ್ಷಣೆಯ ಉಡುಪನ್ನು ತೊಡುವುದಕ್ಕಿಂತ ಕಳಚುವುದೇ ಕಷ್ಟ. ಸೋಂಕು ತಗಲುವುದು ಹೆಚ್ಚಾಗಿ ಆಗಲೇ. ಅದಕ್ಕೂ ತಾಲೀಮು ಉಂಟು. ದಣಿದು ಬಂದ ದಾದಿಯ ಎದುರು ಇನ್ನೊಬ್ಬರು ನಿಂತು, ಮೊದಲು ಕೈಗವಸು, ಮೂಗುಬಾಯಿ ಮುಚ್ಚಿದ ಮಾಸ್ಕು ಕಟ್ಟಕಡೆಗೆ ಕೋಣೆಯಿಂದ ಹೊರಬಂದ ಮೇಲೆ ಎಂದು ಒಂದೊಂದನ್ನೇ ಗಟ್ಟಿಯಾಗಿ ಹೇಳುತ್ತ, ಆಕೆಯ ಕೈಗಳನ್ನೇ ನೋಡುತ್ತಿರುತ್ತಾರೆ.