ಬೋಣಿ ಆಗೋ ಮುಂಚೆ ಆ್ಯಪ್ ಮಾರೋಕೆ ಹೋಗಬೇಡಿ

ಕೋಡ್ ಬರೆಯೋ ಹುಡುಗನನ್ನು ಮಾರ್ಕೆಟಿಂಗಿಗೆ ಕಳಿಸಿದರೆ ಏನಾಗುತ್ತೆ ಅಂತ ನಮ್ಮ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆರು ಜನರ ಪುಟ್ಟ ಕಂಪನಿ ನಮ್ಮದು, ಇರೋದು ಬೆಂಗಳೂರಿನಲ್ಲಿ. ಹೋಲ್‌ಸೇಲ್ ಅಂಗಡಿಗಳಿಗೆ ಅಂತಲೇ ಒಂದು ಆ್ಯಪ್ ಮಾಡಿದ್ದೇವೆ. ಚಿಲ್ಲರೆ ಅಂಗಡಿಯವರು ಮೊಬೈಲಿನಲ್ಲೇ ಆರ್ಡರ್ ಹಾಕ್ತಾರೆ. ಹೋಲ್‌ಸೇಲ್‌ನವರ ಕಡೆ ಬಿಲ್, ಸ್ಟಾಕ್, ಉದ್ರಿ ಲೆಕ್ಕ ಎಲ್ಲ ತಾನಾಗಿ ಏರುತ್ತೆ. 2025ರ ಆಗಸ್ಟ್‌ನಲ್ಲಿ ಲಾಂಚ್ ಆಯಿತು. ಕೈಯಲ್ಲಿದ್ದ ದುಡ್ಡು ಮಾರ್ಚ್‌ವರೆಗಿನ ಸಂಬಳಕ್ಕೆ ಸಾಕು ಅನ್ನೋ ಲೆಕ್ಕ. ಅಷ್ಟರೊಳಗೆ ದುಡ್ಡು ಕೊಡೋ ಗಿರಾಕಿಗಳು ಬರಬೇಕು, ಇಲ್ಲದಿದ್ದರೆ ಆರೂ ಜನ ರೆಸ್ಯೂಮೆ ತಿದ್ದೋಕೆ ಕೂರಬೇಕು. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿದವನು, ಅಲ್ಲಿನ ಮಾತು ಬರುತ್ತೆ ಅನ್ನೋ ಒಂದೇ ಅರ್ಹತೆಯ ಮೇಲೆ ನನ್ನನ್ನು ಮಂಡಿಪೇಟೆಗೆ ಕಳಿಸಿದರು.

ಅದಕ್ಕೂ ಮುಂಚೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಜಾಹೀರಾತು ಓಡಿಸಿದ್ದೆವು. ಡೌನ್‌ಲೋಡ್ ಆದವು, ಚೆನ್ನಾಗೇ ಆದವು. ಒಳಗೆ ಹೋಗಿ ನೋಡಿದರೆ ಅರ್ಧಕ್ಕರ್ಧ ಜನ ಹೆಸರು ಕೂಡ ತುಂಬಿಲ್ಲ. ಊಟ ಮುಗಿಸಿ ಸೋಫಾ ಮೇಲೆ ಮಲಗಿ ಫುಡ್ ಆ್ಯಪ್ ಇಳಿಸಿಕೊಳ್ಳೋ ಹಾಗೆ ಯಾವ ಸಾವುಕಾರನೂ ತನ್ನ ಅಂಗಡಿಯ ಲೆಕ್ಕವನ್ನು ಹೊಸ ಆ್ಯಪ್‌ಗೆ ಹಾಕಲ್ಲ. ಸಗಟು ಎಸ್ಸೆಮ್ಮೆಸ್ ಕಳಿಸೋಣ ಅಂದರೆ ಟ್ರಾಯ್ ನಿಯಮದ ಪ್ರಕಾರ ಕಳಿಸೋರ ಹೆಸರು, ಸಂದೇಶದ ಮಾದರಿ ಎರಡನ್ನೂ ಮೊದಲೇ ನೋಂದಾಯಿಸಬೇಕು. ಅದನ್ನೂ ಮಾಡಿ ಕಳಿಸಿದೆವು. ಬ್ಯಾಂಕ್ ಸಾಲದ ಮೆಸೇಜುಗಳ ನಡುವೆ ನಮ್ಮದೂ ಒಂದು ಹೋಗಿ ಕೂತಿತು, ಅಷ್ಟೇ.

ಮಂಡಿಪೇಟೆಯಲ್ಲಿ ನಾನು ಮೊದಲು ಕಲಿತದ್ದು ಗಡಿಯಾರ ನೋಡೋದನ್ನ. ಬೆಳಗ್ಗೆ ಹತ್ತಕ್ಕೆ ಒಂದು ಅಂಗಡಿ ಹತ್ತಿದರೆ ಸಾವುಕಾರರು ಊದುಬತ್ತಿ ಹಚ್ಚುತ್ತಾ, "ತಮ್ಮಾ, ಬೋಣಿ ಆಗಿಲ್ಲ ಇನ್ನ, ಆಮ್ಯಾಲೆ ಬಾ" ಅಂದರು. ಮೊದಲ ವ್ಯಾಪಾರ ಆಗೋ ಮುಂಚೆ ದುಡ್ಡು ಕೇಳೋನು ಎದುರಿಗೆ ನಿಂತರೆ ಯಾರಿಗೆ ಹಿತ? ಮಧ್ಯಾಹ್ನ ಎರಡರಿಂದ ನಾಲ್ಕು, ಲೋಡಿಂಗ್ ಸದ್ದು ಅಡಗಿ ಚಹಾ ಬರೋ ಹೊತ್ತು, ಅದೊಂದೇ ನಮಗೆ ಸಿಗೋ ಸಮಯ. ತಿಂಗಳಿಗೂ ಒಂದು ಗಡಿಯಾರ ಇದೆ. 11ನೇ ತಾರೀಖಿಗೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಆ ಹತ್ತು ದಿನ ಆಡಿಟರ್ ಆಫೀಸಿಗೆ ಹೋದರೆ ಕುರ್ಚಿಯನ್ನೂ ತೋರಿಸಲ್ಲ.

ಆಡಿಟರ್ ಯಾಕೆ ಬಂದರು ಅಂತ ಕೇಳ್ತೀರಾ? ನಮ್ಮ ಪಿಪಿಟಿಯಲ್ಲಿ 'ಕಸ್ಟಮರ್' ಅಂತ ಒಂದೇ ಡಬ್ಬಿ ಇತ್ತು. ಅಂಗಡಿಯಲ್ಲಿ ನೋಡಿದರೆ ನಾಲ್ಕು ಜನ. ದುಡ್ಡು ಕೊಡೋರು ಸಾವುಕಾರರು. ಆ್ಯಪ್ ಬೇಕು ಅನ್ನೋನು ಬಿಕಾಂ ಮುಗಿಸಿ ಅಂಗಡಿಗೆ ಬಂದು ಕೂತ ಮಗ. ದಿನಾ ಬಳಸೋದು ಗುಮಾಸ್ತ. ಬೇಡ ಅನ್ನೋ ಅಧಿಕಾರ ಇರೋದು ಆಡಿಟರಿಗೆ. "ನಮ್ಮ ಆಡಿಟ್ರು ಹೂಂ ಅಂದ್ರೆ ನೋಡಾಣ" ಅನ್ನೋ ಮಾತನ್ನ ಎಷ್ಟು ಅಂಗಡಿಯಲ್ಲಿ ಕೇಳಿದ್ದೀನೋ ಲೆಕ್ಕವಿಲ್ಲ. ಆಡಿಟರ್ ಕೇಳೋದೂ ಒಂದೇ ಪ್ರಶ್ನೆ: "ಟ್ಯಾಲಿಗೆ ಹೋಗುತ್ತಾ?"

ಟ್ಯಾಲಿ ನಮ್ಮ ಬೆಂಗಳೂರಿನದೇ ಕಂಪನಿ, 1986ರಲ್ಲಿ ಶುರುವಾದದ್ದು. ಅದನ್ನು ಕಟ್ಟಿದ ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ನನಗಿಂತ ಹಳೇ ಸಾಫ್ಟ್‌ವೇರ್ ಅದು. ನೋಡೋಕೆ ಚೆಂದ ಇಲ್ಲ, ಮೌಸ್ ಮುಟ್ಟದೆ ಬರೀ ಕೀಬೋರ್ಡಿನಲ್ಲೇ ಓಡಿಸ್ತಾರೆ ಅಂತ ನಾವು ಆಫೀಸಿನಲ್ಲಿ ನಗ್ತಿದ್ದೆವು. ಇಲ್ಲಿ ಗುಮಾಸ್ತರು ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದು ಕೈಯಲ್ಲಿ ವೋಚರ್ ಹೊಡೆಯೋದು ನೋಡಿದ ಮೇಲೆ ನಗು ನಿಂತಿತು. ಅದರ ಎದುರು ಪೋಟಿಗೆ ನಿಲ್ಲೋದು ಬೇಡ, ನಮ್ಮ ಬಿಲ್‌ಗಳು ಎಕ್ಸ್‌ಎಂಎಲ್ ಫೈಲ್ ಆಗಿ ಟ್ಯಾಲಿಗೆ ಹೋಗೋ ಹಾಗೆ ಮಾಡೋಣ ಅಂತ ತೀರ್ಮಾನ ಆಯಿತು. ಎರಡು ವಾರದ ಕೆಲಸ. ಜಾಹೀರಾತಿಗೆ ಸುರಿದ ದುಡ್ಡಿಗಿಂತ ಆ ಎರಡು ವಾರ ನಮಗೆ ಜಾಸ್ತಿ ಬಾಗಿಲು ತೆರೆಸಿದೆ.

ಇನ್ನು ಭಯದ ವಿಷಯ. ನಾವು ಲಾಂಚ್ ಮಾಡೋ ಹಿಂದಿನ ತಿಂಗಳು, 2025ರ ಜುಲೈನಲ್ಲಿ, ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಬೇಕರಿ, ಟೀ ಅಂಗಡಿಗಳು ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಅಂತ ಬೋರ್ಡ್ ಹಾಕಿದ್ದು ನಿಮಗೆ ನೆನಪಿರಬಹುದು. ಮಂಡಿಪೇಟೆಯ ಹೋಲ್‌ಸೇಲ್‌ನವರು ಮೊದಲಿಂದಲೂ ಜಿಎಸ್‌ಟಿಯಲ್ಲಿ ಇದ್ದವರು, ಅವರಿಗೆ ಆ ನೋಟಿಸ್ ಬಂದಿರಲಿಲ್ಲ. ಆದರೆ ಅವರ ಗಿರಾಕಿಗಳಾದ ಹಳ್ಳಿ ಅಂಗಡಿಯವರು ಹೆದರಿದ್ದರು. ಅಂಥ ಹೊತ್ತಲ್ಲಿ ನಾನು ಹೋಗಿ "ಮೂರು ತಿಂಗಳು ಫ್ರೀ" ಅಂತೀನಿ. "ಪುಕ್ಕಟೆ ಅಂತೀಯಲ್ಲ ತಮ್ಮಾ, ನನ್ನ ಲೆಕ್ಕ ಒಯ್ದು ಯಾರಿಗೆ ಕೊಡ್ತೀ?" ಅಂತ ಒಬ್ಬರು ನೇರ ಕೇಳಿದರು.

ಬಹಳ ಒಳ್ಳೇ ಪ್ರಶ್ನೆ. ನಾವು ಯಾರಾದರೂ ಯಾವ ಆ್ಯಪ್‌ಗಾದರೂ ಹಾಗೆ ಕೇಳಿದ್ದೀವಾ? ಅವತ್ತಿಂದ ಡೆಮೊ ಶುರುವಾಗೋದು ಆರ್ಡರ್ ಪುಟದಿಂದಲ್ಲ. ಎಲ್ಲ ಲೆಕ್ಕವನ್ನೂ ಎಕ್ಸೆಲ್‌ಗೆ ಇಳಿಸಿಕೊಳ್ಳೋ ಬಟನ್, ಖಾತೆ ಅಳಿಸೋ ಬಟನ್ ಮೊದಲು ತೋರಿಸ್ತೀನಿ. ಹೊರಗೆ ಹೋಗೋ ಬಾಗಿಲು ಕಂಡ ಮೇಲೇ ಅವರು ಒಳಗೆ ಬಂದದ್ದು. ಫ್ರೀ ಅನ್ನೋದನ್ನೂ ತೆಗೆದೆವು. ವರ್ಷಕ್ಕೆ 10,000 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ, ಒಟ್ಟು 11,800. ಮೊದಲು ತಿಂಗಳಿಗೆ 999 ಅಂತ ಇಟ್ಟಿದ್ದೆವು. "ತಿಂಗ್ಳು ತಿಂಗ್ಳಾ ಯಾಕೆ ಬರ್ತೀಯ, ಒಂದೇ ಸಲ ಹೇಳಿ ಮುಗಿಸು" ಅಂದವರೇ ಜಾಸ್ತಿ. ಅವರ ಜಿಎಸ್‌ಟಿ ನಂಬರ್ ಹಾಕಿ ಬಿಲ್ ಕೊಟ್ಟರೆ ಆ 1,800 ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಸಿಗುತ್ತೆ, ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಚೌಕಾಸಿ ಅಂತೂ ಇದ್ದೇ ಇದೆ. ದಿನವಿಡೀ ಚೌಕಾಸಿ ಮಾಡೋ ಮನುಷ್ಯ ನಮ್ಮ ಹತ್ತಿರ ಮಾತ್ರ ಹೇಳಿದ ರೇಟು ಕೊಡಲಿ ಅನ್ನೋದು ಯಾವ ನ್ಯಾಯ?

ಇಷ್ಟಾದರೂ ಸೆಪ್ಟೆಂಬರ್ ಮೊದಲ ವಾರದವರೆಗೆ ದುಡ್ಡು ಕೊಟ್ಟ ಅಂಗಡಿ ಒಂದೂ ಇರಲಿಲ್ಲ. "ಈ ಬೀದ್ಯಾಗೆ ಯಾರ್ ತಗಂಡಾರೆ?" ಅನ್ನೋ ಪ್ರಶ್ನೆಗೆ ಉತ್ತರವೇ ಇಲ್ಲ. ಆಗ ಬಂದಿದ್ದು ಜಿಎಸ್‌ಟಿ ದರ ಬದಲಾವಣೆ. ಸೆಪ್ಟೆಂಬರ್ 3ರಂದು ಕೌನ್ಸಿಲ್ ತೀರ್ಮಾನ, 22ರ ಸೋಮವಾರದಿಂದ ಜಾರಿ. ಶೇ 12ರ ಮತ್ತು 28ರ ದರ ಹೋಗಿ, ಬಹುಪಾಲು ವಸ್ತುಗಳು 5 ಅಥವಾ 18ಕ್ಕೆ ಬಂದವು. ಕೇಳೋಕೆ ಸುಲಭ. ಹೋಲ್‌ಸೇಲ್ ಅಂಗಡಿಯಲ್ಲಿ ನೂರಾರು ಐಟಂ, ಒಂದೇ ರಾತ್ರಿಯಲ್ಲಿ ಬಿಲ್‌ಗಳೆಲ್ಲ ಬದಲಾಗಬೇಕು.

ವ್ಯಾಪಾರಿಗಳು ಹೊಸ ಸಾಫ್ಟ್‌ವೇರ್ ಕೊಳ್ಳೋದೇ ಇಂಥ ಹೊತ್ತಲ್ಲಿ. ಇ-ಇನ್‌ವಾಯ್ಸ್ ಕಥೆಯೂ ಹೀಗೇ: 2020ರ ಅಕ್ಟೋಬರ್‌ನಲ್ಲಿ 500 ಕೋಟಿಗೂ ಹೆಚ್ಚು ವಹಿವಾಟಿನ ಕಂಪನಿಗಳಿಗೆ ಕಡ್ಡಾಯವಾದದ್ದು ಮೆಟ್ಟಿಲು ಇಳಿಯುತ್ತಾ 2023ರ ಆಗಸ್ಟ್‌ಗೆ 5 ಕೋಟಿಗೆ ಬಂತು. ಒಂದೊಂದು ಮೆಟ್ಟಿಲಿಗೂ ಒಂದಷ್ಟು ಜನ ಸಾಫ್ಟ್‌ವೇರ್ ಹುಡುಕಿಕೊಂಡು ಹೊರಟರು. ನಿಯಮ ಬದಲಾಗೋ ತಾರೀಖಿಗೆ ರೆಡಿ ಇರೋದೇ ದೊಡ್ಡ ಜಾಹೀರಾತು ಅನ್ನೋದು ನನ್ನ ಅಭಿಪ್ರಾಯ.

ನಮ್ಮ ಕೋಡ್‌ನಲ್ಲಿ ಪ್ರತಿ ಐಟಂಗೂ ತೆರಿಗೆ ದರದ ಜೊತೆ 'ಯಾವಾಗಿಂದ' ಅನ್ನೋ ತಾರೀಖೂ ಇತ್ತು. ಹೊಸ ದರ ಮೊದಲೇ ತುಂಬಿಟ್ಟರೆ ರಾತ್ರಿ ಹನ್ನೆರಡಕ್ಕೆ ತಾನಾಗಿ ಬದಲಾಗುತ್ತೆ. ಇದನ್ನು ಹೇಳಿದ ಮೇಲೆ ಒಂದು ಅಂಗಡಿ ಒಪ್ಪಿತು: ಸೋಪು, ಪೇಸ್ಟು, ಬಿಸ್ಕತ್ತು, ಎಣ್ಣೆ ಮಾರೋ ಹಳೇ ಹೋಲ್‌ಸೇಲ್ ಅಂಗಡಿ. 21ನೇ ತಾರೀಖು ಭಾನುವಾರ, ಮಹಾಲಯ ಅಮಾವಾಸ್ಯೆ. ಪೂಜೆ ಮುಗಿಸಿ ಮಧ್ಯಾಹ್ನ ಅಂಗಡಿಯ ಅರ್ಧ ಶಟರ್ ಎತ್ತಿ ನಾನು, ಅಲ್ಲಿನ ಗುಮಾಸ್ತರು ಕೂತೆವು.

ಆ ಗುಮಾಸ್ತರ ಬಗ್ಗೆ ಹೇಳಬೇಕು. ಐವತ್ತು ದಾಟಿದವರು, ಇಪ್ಪತ್ತೆರಡು ವರ್ಷದಿಂದ ಅದೇ ಅಂಗಡಿ. ನಮ್ಮ ಮಾರ್ಕೆಟಿಂಗ್‌ನವರು ಪ್ರಿಂಟ್ ಮಾಡಿಸಿದ್ದ ಕರಪತ್ರದಲ್ಲಿ 'ಒಬ್ಬ ಗುಮಾಸ್ತರ ಸಂಬಳ ಉಳಿಸಿ' ಅಂತ ದಪ್ಪ ಅಕ್ಷರದಲ್ಲಿತ್ತು. ಮೊದಲ ದಿನ ಸಾವುಕಾರರು ಅದನ್ನು ಓದಿ ಮೇಜಿನ ಮೇಲಿಟ್ಟು ಹೋದರು. ಇವರು ಅದನ್ನೆತ್ತಿ ಓದಿ, ಮಡಚಿ ನನ್ನ ಕೈಗೇ ಕೊಟ್ಟು, "ಇದನ್ನ ನಾನೇ ಕಲೀಬೇಕಾ ಸರ್?" ಅಂದರು. ನಾನು ಏನೂ ಹೇಳೋಕಾಗಲಿಲ್ಲ. ಅವತ್ತು ರಾತ್ರಿಯೇ ಆಫೀಸಿಗೆ ಫೋನ್ ಮಾಡಿ ಆ ಸಾಲು ತೆಗೆಸಿದೆ. ಮಾರ್ಕೆಟಿಂಗ್‌ನವರಿಗೆ ಬೇಜಾರಾಯಿತು, ಬೇರೆ ಊರಲ್ಲಿ ಆ ಸಾಲು ಕೆಲಸ ಮಾಡ್ತಿದೆ ಅಂತ ವಾದ. ಕೊಳ್ಳೋರಿಗೆ ಕೆಲಸ ಮಾಡಬಹುದು. ಆದರೆ ಡೇಟಾ ತುಂಬೋ ಮನುಷ್ಯನೇ ಆ ಕಾಗದ ಓದಿದರೆ ಎರಡನೇ ತಿಂಗಳಿಗೆ 'ಸರ್, ನಿಮ್ಮ ಆ್ಯಪ್ ಸರಿ ಇಲ್ಲ' ಅನ್ನೋ ಫೋನ್ ಬರುತ್ತೆ.

ಆ ಭಾನುವಾರ ಅಂಗಡಿಯ ಪಟ್ಟಿಯಲ್ಲಿ ಮೈಸೋಪು, ಬಟ್ಟೆಸೋಪು, ಪೌಡರ್ ಎಲ್ಲ 'ಸೋಪು' ಅನ್ನೋ ಒಂದೇ ಗುಂಪಿನಲ್ಲಿದ್ದವು. ಮೈಗೆ ಹಚ್ಚೋ ಸೋಪು 18ರಿಂದ 5ಕ್ಕೆ ಇಳಿದಿದೆ, ಬಟ್ಟೆ ಒಗೆಯೋ ಪೌಡರ್ 18ರಲ್ಲೇ ಉಳಿದಿದೆ. ನನ್ನ ಪ್ರೋಗ್ರಾಂಗೆ ಅದು ಹೇಗೆ ಗೊತ್ತಾಗಬೇಕು? ಗುಮಾಸ್ತರು ಕನ್ನಡಕ ಏರಿಸಿಕೊಂಡು ಒಂದೊಂದೇ ಹೆಸರು ಓದ್ತಾ, "ಇದು ಮೈಗೆ, ಇದು ಬಟ್ಟಿಗೆ, ಇದು ಪಾತ್ರೆಗೆ" ಅಂತ ವಿಂಗಡಿಸಿದರು. ಯಾವ ಕಂಪನಿ ಹಳೇ ಸ್ಟಾಕಿಗೆ ಕ್ರೆಡಿಟ್ ನೋಟ್ ಕೊಡ್ತೀನಿ ಅಂದಿದೆ, ಯಾವುದು ಇನ್ನೂ ಬಾಯಿ ಬಿಟ್ಟಿಲ್ಲ, ಅದೂ ಅವರಿಗೇ ಗೊತ್ತು. ರಾತ್ರಿ ಎಂಟೂವರೆಗೆ ಪಟ್ಟಿ ಮುಗಿಯಿತು. ಸೋಮವಾರ ಬೆಳಗ್ಗೆ ಮೊದಲ ಬಿಲ್ ಹೊಸ ದರದಲ್ಲೇ ಬಂತು. ಬಂತು ಅಂದರೆ, ಪ್ರಿಂಟರಿನಲ್ಲಿ ಕನ್ನಡ ಅಕ್ಷರದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ. ಬಿಲ್ ಹೊಡೆಯೋ ಸಣ್ಣ ಥರ್ಮಲ್ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಕನ್ನಡದ ಫಾಂಟ್ ಇರಲ್ಲ. ಬಿಲ್ಲನ್ನೇ ಚಿತ್ರ ಮಾಡಿ ಕಳಿಸಬೇಕು. ಅದೊಂದು ಬೇರೆ ಕಥೆ, ಇಂಜಿನಿಯರುಗಳಿಗೆ ಮಾತ್ರ ರುಚಿಸೋದು.

ಆ ವಾರ ಅಕ್ಕಪಕ್ಕದ ಮೂರು ಅಂಗಡಿಯವರು ತಾವಾಗಿ ಕೇಳಿಕೊಂಡು ಬಂದರು. ನನ್ನ ಹತ್ತಿರ ಅಲ್ಲ, ಗುಮಾಸ್ತರ ಹತ್ತಿರ. ಸಂಜೆ ಚಹಾದಂಗಡಿಯಲ್ಲಿ ಗುಮಾಸ್ತರು ಗುಮಾಸ್ತರಿಗೆ ಹೇಳಿದ ಮಾತಿನಿಂದ ನಮಗೆ ಸಿಕ್ಕ ವ್ಯಾಪಾರವೇ ಹೆಚ್ಚು.

ಸಾವುಕಾರರು ಬೇರೆ ಲೆಕ್ಕದಲ್ಲಿ ಒಪ್ಪಿದವರು. ಯಾರು ಎಷ್ಟು ದಿನದಿಂದ ಉದ್ರಿ ಉಳಿಸಿಕೊಂಡಿದ್ದಾರೆ ಅನ್ನೋ ಪಟ್ಟಿ ನೋಡಿ ಅವರಿಗೇ ಆಶ್ಚರ್ಯ. ಈಗ ಮಧ್ಯಾಹ್ನದ ಮೇಲೆ ಆ ಪಟ್ಟಿ ಹಿಡಿದು ವಸೂಲಿ ಫೋನ್ ಮಾಡೋ ಕೆಲಸ ಗುಮಾಸ್ತರದ್ದು. ಎಲ್ಲ ಅಂಗಡಿಯಲ್ಲೂ ಕಥೆ ಹೀಗೇ ಅಂತ ಹೇಳಲಾರೆ. ಒಂದು ಕಡೆ ಬಿಲ್ ಬರೆಯೋಕೆ ಅಂತ ಇದ್ದ ಹುಡುಗ ದೀಪಾವಳಿ ಆದ ಮೇಲೆ ಕಾಣಲಿಲ್ಲ. "ಬ್ಯಾರೆ ಕಡೆ ಹೋದ" ಅಂದರು. ಹೋದನೋ ಕಳಿಸಿದರೋ ಗೊತ್ತಾಗಲಿಲ್ಲ. ಡೆಮೊ ಮುಗಿದ ಮೇಲೆ ಬದಿಗೆ ಕರೆದು "ಒಬ್ಬ ಆಳು ಕಡಿಮಿ ಆಕ್ಕಾನಾ?" ಅಂತ ಕೇಳೋರು ಇದ್ದಾರೆ. "ಆಳು ಕಮ್ಮಿ ಆಗಲ್ಲ, ಉದ್ರಿ ಕಮ್ಮಿ ಆಗುತ್ತೆ ನೋಡಿ" ಅಂತೀನಿ. ಅಷ್ಟಕ್ಕೇ ಬೇಡ ಅಂದವರೂ ಇಬ್ಬರಿದ್ದಾರೆ. ಆ ಎರಡು ಅಂಗಡಿಯ 20,000 ನಮ್ಮ ಲೆಕ್ಕದಲ್ಲಿ ಸಣ್ಣದೇನಲ್ಲ.

ಇವತ್ತಿಗೆ ದುಡ್ಡು ಕೊಟ್ಟಿರೋ ಅಂಗಡಿ ಹದಿನಾಲ್ಕು. ಮಾರ್ಚ್ ದಾಟೋಕೆ ನಲವತ್ತಾದರೂ ಬೇಕು. ಮುಂದಿನ ಊರು ಹುಬ್ಬಳ್ಳಿ, ದುರ್ಗದಬೈಲು. ಬರೋ ವಾರವೇ ಹೊರಡು ಅಂತ ಆಫೀಸಿನವರು ಅವಸರ ಮಾಡ್ತಿದ್ದಾರೆ. 3ಬಿ ಮುಗಿಯಲಿ ಅಂತ ನಾನು ಟಿಕೆಟ್ ಮಾಡಿಸಿರೋದು 21ಕ್ಕೆ.