ಅಚಲನೆನಿಸಿದ ಧ್ರುವನ ಚಲನೆ

ಸಪ್ತಪದಿಯ ತರುವಾಯ ವಧುವಿಗೆ ಧ್ರುವ ಹಾಗೂ ಅರುಂಧತಿ ನಕ್ಷತ್ರಗಳನ್ನು ತೋರಿಸುವ ಸಂಪ್ರದಾಯ ಗೃಹ್ಯಸೂತ್ರಗಳಷ್ಟು ಹಳೆಯದು. ಧ್ರುವನಂತೆ ಸ್ಥಿರಳಾಗಿರು ಎಂಬುದು ಅದರ ಆಶಯ. ಇಂದು ಮಹಾನಗರದ ಸಭಾಗೃಹಗಳಲ್ಲಿ ಮುಹೂರ್ತವು ಬಹುಮಟ್ಟಿಗೆ ಹಗಲಿಗೇ ಒದಗುವುದರಿಂದ ಪುರೋಹಿತರು ಮೇಲಕ್ಕೆ ಕೈ ತೋರುತ್ತಾರೆ. ವಧೂವರರು ಛಾವಣಿಯ ಫ್ಯಾನನ್ನು ನೋಡಿ ತಲೆದೂಗುತ್ತಾರೆ. ಸ್ಥಿರತೆಗೆ ಮಾದರಿಯೆನಿಸಿದ ಆ ನಕ್ಷತ್ರದ ನಿಜವಾದ ನಡವಳಿಕೆ ತಿಳಿದರೆ ಇಬ್ಬರಿಗೂ ಅಚ್ಚರಿಯಾದೀತು. ಅದು ಚಲಿಸುತ್ತದೆ, ಉಬ್ಬಿ ಕುಗ್ಗುತ್ತದೆ, ಜೊತೆಗೆ ಇಬ್ಬರು ಸಂಗಾತಿಗಳನ್ನೂ ಇರಿಸಿಕೊಂಡಿದೆ.

ಖಗೋಳಶಾಸ್ತ್ರಜ್ಞರ ವರ್ಗೀಕರಣದಲ್ಲಿ ಧ್ರುವವು ಹಳದಿ ಮಹಾದೈತ್ಯ ತಾರೆ. ಅದರ ಮೇಲ್ಮೈಯ ಉಷ್ಣತೆ ಸುಮಾರು 6,000 ಕೆಲ್ವಿನ್. ಅಂದರೆ ಸೂರ್ಯನಿಗಿಂತ ತುಸುವೇ ಹೆಚ್ಚು. ಬಣ್ಣದಲ್ಲಿ ಸೂರ್ಯನ ಸೋದರನಂತಿದ್ದರೂ ಗಾತ್ರದಲ್ಲಿ ಹೋಲಿಕೆಯೇ ಇಲ್ಲ. 2024ರಲ್ಲಿ ಪ್ರಕಟವಾದ ಅಳತೆಗಳಂತೆ ಅದರ ವ್ಯಾಸ ಸೂರ್ಯನ 46 ಪಟ್ಟು. ಸೂರ್ಯನ ಸ್ಥಾನದಲ್ಲಿ ಅದನ್ನಿರಿಸಿದರೆ ಅದರ ಅಂಚು ಬುಧನ ಕಕ್ಷೆಯ ಅರ್ಧದಾರಿಯನ್ನೂ ಮೀರಿ ನಿಲ್ಲುತ್ತದೆ. ದ್ರವ್ಯರಾಶಿ ಮಾತ್ರ ಸೂರ್ಯನ ಐದು ಪಟ್ಟು. ಹೊರಸೂಸುವ ಬೆಳಕು ಎರಡು ಸಾವಿರ ಪಟ್ಟಿಗೂ ಮಿಕ್ಕಿದ್ದು. ಬಂಡವಾಳ ಐದು ಪಟ್ಟು, ಖರ್ಚು ಎರಡು ಸಾವಿರ ಪಟ್ಟು ಎಂದರೆ ಆ ಸಂಸಾರ ಎಷ್ಟು ಕಾಲ ನಡೆದೀತು? ಸೂರ್ಯನ ಆಯುಷ್ಯವನ್ನು ನೂರಾರು ಕೋಟಿ ವರ್ಷಗಳಲ್ಲಿ ಎಣಿಸಿದರೆ ಧ್ರುವನದನ್ನು ಕೆಲವೇ ಕೋಟಿಗಳಲ್ಲಿ ಎಣಿಸಬೇಕು. ಜಲಜನಕದ ಮೊದಲ ಗಂಟು ಆಗಲೇ ಕರಗಿಹೋಗಿದೆ. ಈಗಿನದು ಉಬ್ಬಿದ ಮುಪ್ಪು.

ಈ ತಾರೆಯ ವಿಶೇಷ ಗುಣವೆಂದರೆ ಅದರ ಮಿಡಿತ. ಹೆಚ್ಚುಕಡಿಮೆ ನಾಲ್ಕು ದಿನಗಳಿಗೊಮ್ಮೆ ಅದು ಉಬ್ಬಿ ಕುಗ್ಗುತ್ತದೆ, ಅದರೊಡನೆ ಬೆಳಕೂ ಏರಿಳಿಯುತ್ತದೆ. ಹೊರಪದರಗಳಲ್ಲಿರುವ ಹೀಲಿಯಂ ಒತ್ತಡಕ್ಕೆ ಸಿಕ್ಕಾಗ ಒಳಗಿನ ಶಾಖವನ್ನು ಹಿಡಿದಿಡುತ್ತದೆ. ಶಾಖ ಪದರವನ್ನು ಮೇಲಕ್ಕೆ ತಳ್ಳುತ್ತದೆ. ಹಿಗ್ಗಿದ ಪದರ ಶಾಖವನ್ನು ಬಿಟ್ಟುಕೊಟ್ಟು ಮತ್ತೆ ಕುಸಿಯುತ್ತದೆ. ಕುದಿಯುವ ಪಾತ್ರೆಯ ಮುಚ್ಚಳ ಏಳುತ್ತ ಬೀಳುತ್ತ ಇರುವ ಬಗೆಯನ್ನು ಬಲ್ಲ ಗೃಹಿಣಿಯರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ಇಂತಹ ತಾರೆಗಳಿಗೆ ಸೀಫೀಡ್‌ಗಳೆಂದು ಹೆಸರು. ಧ್ರುವನ ಈ ಏರಿಳಿತವನ್ನು 1911ರಲ್ಲಿ ಹರ್ಟ್ಸ್‌ಪ್ರುಂಗ್ ಖಚಿತಪಡಿಸಿದನು. ಇಪ್ಪತ್ತನೆಯ ಶತಮಾನದುದ್ದಕ್ಕೂ ಏರಿಳಿತ ಕ್ಷೀಣಿಸುತ್ತ ಬಂದು, 1990ರ ದಶಕದಲ್ಲಿ ಮಿಡಿತವೇ ನಿಂತೀತೆಂಬ ಊಹೆಗೂ ಎಡೆಯಾಯಿತು. ಅನಂತರ ಅದು ಮತ್ತೆ ಚೇತರಿಸಿಕೊಂಡಿತು. ಕಾರಣ ಇನ್ನೂ ಇತ್ಯರ್ಥವಾಗಿಲ್ಲ.

ದೂರದ ಈ ಮಿಡಿತಕ್ಕೆ ಇಷ್ಟು ಮಹತ್ವವೇಕೆಂದು ಓದುಗರು ಕೇಳಬಹುದು. ಸೀಫೀಡ್‌ನ ಮಿಡಿತ ನಿಧಾನವಾದಷ್ಟೂ ಅದರ ನಿಜವಾದ ಪ್ರಕಾಶ ಹೆಚ್ಚು ಎಂಬ ನಿಯಮವನ್ನು ಹೆನ್ರಿಯೆಟಾ ಲೆವಿಟ್ ಎಂಬ ವಿದುಷಿ 1912ರಲ್ಲಿ ಸ್ಥಾಪಿಸಿದಳು. ನಿಜವಾದ ಪ್ರಕಾಶ ಗೊತ್ತಾದರೆ, ಕಾಣುವ ಪ್ರಕಾಶದೊಡನೆ ತಾಳೆಹಾಕಿ ದೂರವನ್ನು ಲೆಕ್ಕ ಮಾಡಬಹುದು. ಇತರ ಗೆಲಾಕ್ಸಿಗಳ ದೂರವನ್ನು ಅಳೆದದ್ದು ಈ ಕೋಲಿನಿಂದಲೇ. ಧ್ರುವವು ಭೂಮಿಗೆ ಅತ್ಯಂತ ಸಮೀಪದ ಸೀಫೀಡ್ ಆದುದರಿಂದ ಅಳತೆಗೋಲಿನ ಮೊದಲ ಗೀಟೇ ಅದು. ಅಲ್ಲಿ ತಪ್ಪಿದರೆ ಮುಂದಿನ ಮೊತ್ತವೆಲ್ಲ ಸಂಶಯಕ್ಕೆ ಒಳಗಾಗುತ್ತದೆ. ಆದರೂ ಆ ಗೀಟಿನ ಬಗೆಗೇ ವ್ಯಾಜ್ಯ ಹುಟ್ಟಿತು. ಹಿಪ್ಪಾರ್ಕಸ್ ಉಪಗ್ರಹದ ಅಳತೆ 430 ಜ್ಯೋತಿರ್ವರ್ಷಗಳ ಆಸುಪಾಸಿನಲ್ಲಿತ್ತು. 2013ರಲ್ಲಿ ಕೆಲವರು 323 ಎಂದು ವಾದಿಸಿದರು. ಅನಂತರ ಬಂದ ಗಾಯಾ ಉಪಗ್ರಹದ ಕಣ್ಣಿಗೆ ಧ್ರುವ ತೀರಾ ಪ್ರಖರ. ಆದ್ದರಿಂದ ದೂರದ ಸಂಗಾತಿಯನ್ನು ಅಳೆದು, 2018ರ ದತ್ತಾಂಶದಿಂದ ಸುಮಾರು 447 ಎಂಬ ಉತ್ತರ ದೊರಕಿತು. ಮನೆಯ ಯಜಮಾನ ಸಿಗದಾಗ ನೆರೆಯವನಿಂದ ವಿಳಾಸ ಪಡೆದಂತೆ! ಇನ್ನೊಬ್ಬ ಸಂಗಾತಿ ಬಹು ಸಮೀಪದಲ್ಲಿದ್ದು, ಸುಮಾರು ಮೂವತ್ತು ವರ್ಷಗಳಲ್ಲಿ ಒಂದು ಸುತ್ತು ಮುಗಿಸುತ್ತದೆ. ಅದರ ಚಿತ್ರವನ್ನು ಹಬಲ್ ದೂರದರ್ಶಕ ಸೆರೆಹಿಡಿದು 2006ರಲ್ಲಿ ಪ್ರಕಟವಾಯಿತು.

447 ಜ್ಯೋತಿರ್ವರ್ಷ ಎಂದರೆ, ಇಂದು ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟಾಗ ತಾಳಿಕೋಟೆಯ ಕದನ (1565) ಮುಗಿದು ಹೆಚ್ಚು ವರ್ಷಗಳಾಗಿರಲಿಲ್ಲ. ವಿಜಯನಗರದ ಅರಸರು ಪೆನುಗೊಂಡೆಗೆ ಸರಿದಿದ್ದರು. ಠಾಣೆ ಪೋರ್ಚುಗೀಜರ ವಶದಲ್ಲಿತ್ತು.

ಹಾಗಿದ್ದರೆ ಸ್ಥಿರತೆ? ಆಕಾಶದ ಉತ್ತರಧ್ರುವಬಿಂದುವಿನಿಂದ ಈ ನಕ್ಷತ್ರ ಸುಮಾರು ಮುಕ್ಕಾಲು ಡಿಗ್ರಿಗಿಂತ ತುಸು ಕಡಿಮೆ ದೂರದಲ್ಲಿದ್ದು, ಪ್ರತಿದಿನ ಒಂದು ಚಿಕ್ಕ ವೃತ್ತವನ್ನು ಸುತ್ತುತ್ತದೆ. ಭೂಮಿಯ ಅಕ್ಷ 26,000 ವರ್ಷಗಳಿಗೊಮ್ಮೆ ಬುಗುರಿಯಂತೆ ತೊನೆಯುವುದರಿಂದ ಗೃಹ್ಯಸೂತ್ರಗಳ ಕಾಲದಲ್ಲಿ ಇದು ಆ ಬಿಂದುವಿನಿಂದ ಹತ್ತು ಡಿಗ್ರಿಗೂ ಆಚೆಗಿತ್ತು. ಅಂದಿನ ವಧುಗಳು ನೋಡಿದ ಧ್ರುವ ಇದೇ ಇರಲಾರದು. 2100ರ ಸುಮಾರಿಗೆ ಅದು ಬಿಂದುವಿಗೆ ಅತಿ ಸಮೀಪ ಬಂದು, ಬಳಿಕ ಮತ್ತೆ ದೂರ ಸರಿಯುತ್ತದೆ.

ಊರು ಬಿಟ್ಟು ಬಂದವರಿಗೆ ಧ್ರುವನಲ್ಲಿ ಇನ್ನೊಂದು ಲೆಕ್ಕ ಅಡಗಿದೆ. ದಿಗಂತದಿಂದ ಅದರ ಎತ್ತರವೆಂದರೆ ಸರಿಸುಮಾರು ನೋಡುವ ಊರಿನ ಅಕ್ಷಾಂಶವೇ. ಮಂಗಳೂರು-ಬೆಂಗಳೂರುಗಳಲ್ಲಿ ಅದು 13 ಡಿಗ್ರಿ, ಧಾರವಾಡದಲ್ಲಿ ಹದಿನೈದೂವರೆ, ಠಾಣೆಯ ಮಾಜಿವಾಡಾದಲ್ಲಿ 19. ಚಾಚಿದ ತೋಳಿನ ತುದಿಯ ಮುಷ್ಟಿ ಸುಮಾರು ಹತ್ತು ಡಿಗ್ರಿ. ಕರಾವಳಿಯಲ್ಲಿ ತೆಂಗಿನ ತೋಟದ ಮೇಲೆ ಒಂದೂಕಾಲು ಮುಷ್ಟಿಯ ಎತ್ತರದಲ್ಲಿ ನಿಂತ ಧ್ರುವ, ಮಾಜಿವಾಡಾದಲ್ಲಿ ಎರಡು ಮುಷ್ಟಿಯ ಹತ್ತಿರಕ್ಕೆ ಏರುತ್ತಾನೆ. ಆರು ಡಿಗ್ರಿಗಳ ಈ ವ್ಯತ್ಯಾಸವೆಂದರೆ ಉತ್ತರಕ್ಕೆ ಸುಮಾರು 700 ಕಿಲೋಮೀಟರ್ ಬಂದದ್ದರ ಗುರುತು.

ನೋಡುವುದೇ ಕಷ್ಟ. ಘೋಡಬಂದರ್ ರಸ್ತೆ ನಾಶಿಕ ಹೆದ್ದಾರಿಯನ್ನು ಕೂಡುವ ಮಾಜಿವಾಡಾ ನಾಕಾದಲ್ಲಿ ಮೇಲ್ಸೇತುವೆಯ ದೀಪಗಳು, ಬಹುಮಹಡಿ ಕಟ್ಟಡಗಳು, ಧೂಳು ಇವೆಲ್ಲ ಸೇರಿ ಎರಡನೆಯ ದರ್ಜೆಯ ಈ ತಾರೆಯನ್ನು ನುಂಗಿಬಿಡುತ್ತವೆ. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳು ಧ್ರುವನ ಕಥೆಯನ್ನು ಕೇಳಿರುತ್ತಾರೆ, ನಕ್ಷತ್ರವನ್ನು ಕಂಡಿರುವುದಿಲ್ಲ. ಸಾಧ್ಯವೇ ಇಲ್ಲವೆಂದೇನೂ ಅಲ್ಲ. ಮಳೆ ತೊಳೆದ ಅಕ್ಟೋಬರಿನ ರಾತ್ರಿ, ದೀಪಗಳಿಗೆ ಬೆನ್ನು ಹಾಕಿ ಕೋಲಶೇತದ ಕಡೆಗೆ, ಅಂದರೆ ಉತ್ತರಕ್ಕೆ, ಮುಖಮಾಡಿ ತಾರಸಿಯ ಮೇಲೆ ನಿಲ್ಲಬೇಕು. ಕಣ್ಣು ಕತ್ತಲೆಗೆ ಒಗ್ಗಲು ಇಪ್ಪತ್ತು ನಿಮಿಷವಾದರೂ ಬೇಕು. ಮಂದ ಬೆಳಕನ್ನು ಗ್ರಹಿಸುವ ಅಕ್ಷಿಪಟಲದ ವರ್ಣದ್ರವ್ಯ ಮತ್ತೆ ಕೂಡಿಕೊಳ್ಳುವುದು ನಿಧಾನ. ಎ ಜೀವಸತ್ವದ ಕೊರತೆಯಿರುವವರಿಗೆ ಇರುಳುಗುರುಡು ಬರುವುದೂ ಈ ದ್ರವ್ಯದ ಅಭಾವದಿಂದಲೇ. ನಡುವೆ ಒಮ್ಮೆ ಮೊಬೈಲನ್ನು ತೆರೆದು ನೋಡಿದರೆ ಕಾಯುವಿಕೆಯನ್ನು ಮೊದಲಿನಿಂದ ಆರಂಭಿಸಬೇಕು. ಆ ಋತುವಿನ ಸಂಜೆಗಳಲ್ಲಿ ಸಪ್ತರ್ಷಿ ಮಂಡಲ ದಿಗಂತದ ಕೆಳಗಿರುತ್ತದೆ. ಏಪ್ರಿಲ್-ಮೇ ಸಂಜೆಗಳಲ್ಲಾದರೆ ಅದು ಮೇಲಿದ್ದು, ಪುಲಹನಿಂದ ಕ್ರತುವಿಗೆ ಎಳೆದ ಗೆರೆಯನ್ನು ಐದು ಪಟ್ಟು ಮುಂದುವರಿಸಿದಲ್ಲಿ ಧ್ರುವ ಸಿಗುತ್ತಾನೆ. ವಸಿಷ್ಠನ ಪಕ್ಕದಲ್ಲಿ ಅರುಂಧತಿಯೂ.